ಬೀಗರು ಜಾರಿ ಬೀಳಲಿಲ್ಲ

ನಮ್ಮ ಬೀಗರು ಜಾರಿ ಬೀಳಲಿಲ್ಲ. ನಾನೇ ಎತ್ತಿ ಎಸೆದೆ.

ಚನ್ನಗಿರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ದಿನ ಎಲ್ಲರೂ 'ಪಾಪ, ಹಿತ್ತಲಲ್ಲಿ ಕಾಲು ಜಾರಿತಂತೆ' ಎಂದವರೇ. ಬೀಗರೂ ಅದನ್ನೇ ಹೇಳಿದರು. ನನ್ನ ಅಳಿಯನಂತೂ ಕರ್ಪೂರ ಹಚ್ಚಿ ಆಣೆ ಮಾಡಲು ತಯಾರಿದ್ದ. ಎಲ್ಲ ಸುಳ್ಳು. ಅರವತ್ತು ದಾಟಿದ ಗಂಡಸು, ತೂಕದಲ್ಲಿ ಭತ್ತದ ಮೂಟೆಗೆ ಕಡಿಮೆಯಿಲ್ಲ, ನನ್ನ ಸೊಂಟದ ಮೇಲಿಂದ ಹಾರಿ ಆ ಕಡೆಗೆ ಬಿದ್ದರು. ಅಷ್ಟು ಚೆಂದ ಬಿದ್ದವರನ್ನು ನಾನಂತೂ ಈ ಜನ್ಮದಲ್ಲಿ ನೋಡಿಲ್ಲ!

ಬೀಗರು ಎಂದರೆ ನನ್ನ ಮಗಳ ಮಾವ. ಹೊನ್ನಾಳಿಯವರು. ಜಗಳೂರಿನ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿ ನಿವೃತ್ತರಾದವರು. ನಿವೃತ್ತರಾದ ಗಂಡಸರು ಏನು ಮಾಡುತ್ತಾರೆ ಹೇಳಿ? ಪೇಪರ್ ಓದುತ್ತಾರೆ. ಸೊಸೆ ಮಾಡಿದ ಸಾರಿಗೆ ಉಪ್ಪು ಸಾಲದು ಎನ್ನುತ್ತಾರೆ. ಸಂಜೆ ಕಟ್ಟೆಯ ಮೇಲೆ ಕೂತು ದೇಶವನ್ನು ಸರಿ ಮಾಡುತ್ತಾರೆ. ನಮ್ಮ ಬೀಗರು ಬೀಳುತ್ತಾರೆ. ಬಿದ್ದು, ಬೇರೆಯವರನ್ನೂ ಬೀಳಿಸಿ, ಅದನ್ನು ವಿದ್ಯೆ ಎಂದು ಬೇರೆ ಕರೆಯುತ್ತಾರೆ!

ಜೂಡೊ ಅಂತೆ ಅದರ ಹೆಸರು. ಒಬ್ಬರು ಇನ್ನೊಬ್ಬರ ಅಂಗಿ ಹಿಡಿದು ನೆಲಕ್ಕೆ ಎಸೆಯುವುದು, ಬಿದ್ದವರು ಮೂಳೆ ಮುರಿದುಕೊಳ್ಳದ ಹಾಗೆ ಬೀಳುವುದು. ಬೇರೆ ಮೇಷ್ಟರುಗಳು ಎಸೆಯುವುದನ್ನು ಕಲಿಸುತ್ತಾರೆ. ಇವರು ತಿಂಗಳುಗಟ್ಟಲೆ ಬರೀ ಬೀಳುವುದನ್ನೇ ಕಲಿಸುತ್ತಾರೆ. ಕೇಳಿದರೆ, "ಒಗಿಯೋದು ಯಾವನಾದ್ರೂ ಕಲೀತಾನೆ ಕಣ್ರೀ. ನೆಟ್ಟಗೆ ಬೀಳಾಕೆ ಬರೋರು ಎಲ್ಲವ್ರೆ ತೋರಿಸ್ರಿ" ಎನ್ನುತ್ತಾರೆ. ಹೊನ್ನಾಳಿ, ನ್ಯಾಮತಿ, ಜಗಳೂರು, ಚನ್ನಗಿರಿ, ನಾಲ್ಕೂ ಕಡೆ ಹೆಣ್ಣುಮಕ್ಕಳಿಗೆ ಇವರ ಕ್ಲಾಸು. ಬಸ್ಸು ನಿಲ್ಲುವ ಮೊದಲೇ ಹಾರಿ ಇಳಿಯುತ್ತಾರೆ. ಕಂಡಕ್ಟರುಗಳು ಮೊದಲು ಬೈಯುತ್ತಿದ್ದರು, ಈಗ ಟಿಕೆಟ್ ಹರಿಯುತ್ತಲೇ ಕೈ ಬೀಸುತ್ತಾರೆ.

ಈ ಹುಚ್ಚು ಇಂದಿನದಲ್ಲ. ನನ್ನ ಮಗಳನ್ನು ನೋಡಲು ಬಂದ ದಿನವೇ ನನಗೆ ಗೊತ್ತಾಗಿತ್ತು. ಗಂಡಿನ ಕಡೆಯವರು ಹೆಣ್ಣಿಗೆ ರೊಟ್ಟಿ ಬಡಿಯಲು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುವುದುಂಟು. ಇವರು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಕೇಳಿದ್ದು ಇದು:

"ಸಣ್ಣೋಳಿದ್ದಾಗ ಎಲ್ಲೆಲ್ಲಿ ಬಿದ್ದೀಯವ್ವಾ?"

ಹುಡುಗಿ ಗಾಬರಿಯಾಗಿ, "ಹುಣಸೆ ಮರದಿಂದ್ರಿ" ಎಂದಳು.

"ಏನು ಮುರೀತು?"

"ಏನಿಲ್ರಿ. ಕೆಳಗೆ ಎಮ್ಮೆ ಇತ್ತು."

"ಎಮ್ಮೆಗೆ ಏನಾತು?"

"ಹಾಲು ಕೊಡಲಿಲ್ರಿ ಆವತ್ತು."

ಅಷ್ಟೇ, ಸಂಬಂಧ ಗಟ್ಟಿಯಾಯಿತು! ಆ ಸಂತೋಷಕ್ಕೆ ನಮ್ಮ ಜಗುಲಿ ಕಟ್ಟೆಯ ಮೇಲಿಂದ ಹಿಂದಕ್ಕೆ ಉರುಳಿ ಬಿದ್ದು ತೋರಿಸಿದರು. ಬೀಗರು ಸತ್ತೇ ಹೋದರೆಂದು ನಮ್ಮ ಯಜಮಾನರು ನೀರಿನ ಚೊಂಬು ಹಿಡಿದು ಓಡಿದರು. ಬೀಗರು ಮಲಗಿದ್ದಲ್ಲಿಯೇ ಚೊಂಬು ಇಸಿದುಕೊಂಡು ಕುಡಿದು, "ನೀರು ಸಿಹಿ ಐತಲ್ರೀ! ಬೋರಿಂದೋ, ನಳದ್ದೋ?" ಎಂದು ಕೇಳಿದರು.

ಇನ್ನೊಮ್ಮೆ ಗೋವಿನಕೋವಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಹಿರಿಯರು ಚೆಲ್ಲಿದ ಸಾರಿನ ಮೇಲೆ ಕಾಲಿಟ್ಟು ಧೊಪ್ಪನೆ ಕೂತರು. ಎಲ್ಲರೂ ಎತ್ತಲು ಓಡಿದರೆ ಬೀಗರು ಎಲೆಯ ಮುಂದಿನಿಂದಲೇ ಕೂಗಿದರು: "ಕೈ ಊರಬಾರ್ದಿತ್ರೀ! ಗದ್ದ ಎದಿಗೆ ಹಚ್ಚಬೇಕಿತ್ತು!" ಆಮೇಲೆ ಹತ್ತಿರ ಹೋಗಿ, ಆ ಮನುಷ್ಯನ ಪಂಚೆಗೆ ಅಂಟಿದ್ದ ಬೇಳೆ ಒರೆಸುತ್ತ, "ಬಿದ್ದಿದ್ದು ತಪ್ಪಾತು. ಇನ್ನೊಂದ್ಸಲ ಬೀಳ್ರಿ, ನಾನು ಹೇಳ್ಕೊಡ್ತೀನಿ" ಎಂದರು. ಅವರು ಗಂಡಿನ ಸೋದರಮಾವ. ಮದುವೆ ನಿಲ್ಲದೆ ಉಳಿದದ್ದೇ ದೊಡ್ಡದು!

ಬೀಳಲು ಮೆತ್ತನೆಯ ನೆಲ ಬೇಕಲ್ಲ? ಅಂಗಡಿಯ ಗಾದಿಯ ಬೆಲೆ ಕೇಳಿ ಬೀಗರು ಅಲ್ಲಿಯೇ ಬಿದ್ದರಂತೆ, ಅದೂ ಸರಿಯಾಗಿ. ಆಗ ಕೆರೆಬಿಳಚಿಯ ಬಶೀರ್ ಸಾಬರನ್ನು ಹಿಡಿದರು. ಸಾಬರ ಮನೆತನವೇ ಹತ್ತಿ ಎಕ್ಕಿ ಗಾದಿ ಹೊಲಿಯುವ ಮನೆತನ. ಆದರೆ ಬೀಗರಿಗೆ ಹತ್ತಿ ಬೇಡ. ನಮ್ಮ ರಸ್ತೆಗಳ ಪಕ್ಕದಲ್ಲಿ ಅಡಿಕೆ ಸಿಪ್ಪೆ ಗುಡ್ಡ ಗುಡ್ಡ ಬಿದ್ದಿರುತ್ತದಲ್ಲ, ಅದು ಬೇಕು.

"ಮೇಷ್ಟ್ರೇ, ಸಿಪ್ಪೆ ಹಸಿ ಐತೆ. ಒಣಗಲಿ" ಎಂದರು ಸಾಬರು.

"ಹಸಿ ಇದ್ರೆ ಮೆತ್ತಗಿರ್ತೈತೆ. ತುಂಬ್ರಿ."

ತುಂಬಿದರು. ಅಡಿಕೆ ಸುಲಿಯುವ ಕೈ ಎಷ್ಟು ತೊಳೆದರೂ ಬೆಳ್ಳಗಾಗುವುದಿಲ್ಲ ಎನ್ನುವುದು ಚನ್ನಗಿರಿಯಲ್ಲಿ ಕೂಸಿಗೂ ಗೊತ್ತು. ಬೀಗರು ಹೊನ್ನಾಳಿಯವರಲ್ಲವೇ! ವಾರದೊಳಗೆ ಗಾದಿ ಬಿಸಿಯಾಗಿ ಹೊಗೆಯಾಡಿತು. ಹುಡುಗಿಯರೆಲ್ಲ ಬಿಳಿ ಅಂಗಿ, ಬಿಳಿ ಪಟ್ಟಿಯಲ್ಲಿ ಹೋಗಿ ಕಂದು ಅಂಗಿ, ಕಂದು ಪಟ್ಟಿಯಲ್ಲಿ ಬಂದರು. ಆ ವಿದ್ಯೆಯಲ್ಲಿ ಸೊಂಟದ ಪಟ್ಟಿಯ ಬಣ್ಣ ನೋಡಿ ದರ್ಜೆ ಹೇಳುತ್ತಾರಂತೆ. ಬಿಳಿ ಎಂದರೆ ಹೊಸಬರು, ಕಂದು ಎಂದರೆ ವರ್ಷಗಟ್ಟಲೆ ಬೆವರಿಳಿಸಿದವರು. ತಾಯಂದಿರು ಜಗಳಕ್ಕೆ ಬಂದರೆ ಬೀಗರು ಕೈಮುಗಿದು, "ಬೇರೆ ಕಡೆ ವರ್ಷಾನುಗಟ್ಲೆ ಹಿಡೀತೈತೆ ತಾಯಿ. ನಿಮ್ಮ ಮಕ್ಕಳಿಗೆ ವಾರಕ್ಕೇ ಬಂತು" ಎಂದರು. ಜಗಳೂರಿನಲ್ಲಿ ಬುದ್ಧಿ ಬಂದು ಮೆಕ್ಕೆಜೋಳದ ಸಿಪ್ಪೆ ತುಂಬಿಸಿದರು. ಅದನ್ನು ಮೇಕೆಗಳು ತಿಂದವು.

ಚನ್ನಗಿರಿಯ ಕ್ಲಾಸು ನಡೆಯುವುದು ಒಂದು ಸಮುದಾಯ ಭವನದಲ್ಲಿ, ಬೆಳಿಗ್ಗೆ ಹೊತ್ತು. ಸಿಪ್ಪೆಯ ವಾಸನೆ ಒಂದು ಮದುವೆಯ ಊಟಕ್ಕೂ ಹರಡಿದಾಗ ಭವನದ ಅಧ್ಯಕ್ಷರು ಖಡಾಖಂಡಿತ ಹೇಳಿದರು: "ಮೇಷ್ಟ್ರೇ, ಇನ್ನೊಂದು ದೂರು ಬರಲಿ, ನಿಮ್ಮ ಗಾದಿ ರಸ್ತೆಗೆ."

ದೂರು ಬರಬಾರದಿತ್ತು. ಏಕೆಂದರೆ ಆ ಕ್ಲಾಸಿಗೆ ಹೋಗುವವರಲ್ಲಿ ನನ್ನ ಮಗಳ ಮಗಳೂ ಒಬ್ಬಳು. ಒಂಬತ್ತನೇ ತರಗತಿ. ಅಳಿಯನ ಆಫೀಸು ಚನ್ನಗಿರಿಯಲ್ಲೇ, ಮಗಳ ಮನೆ ನಮ್ಮ ಬೀದಿಯಲ್ಲೇ. ಕ್ಲಾಸಿಗೆ ಸೇರುವ ಮೊದಲು ಆ ಹುಡುಗಿ ಎಲ್ಲದಕ್ಕೂ ಹೆದರುತ್ತಿದ್ದಳು. ರಸ್ತೆ ದಾಟಲು ಹೆದರಿಕೆ, ತರಗತಿಯಲ್ಲಿ ಎದ್ದು ನಿಲ್ಲಲು ಹೆದರಿಕೆ. ಜಿರಲೆ ಕಂಡರೆ ಮಂಚ ಹತ್ತುತ್ತಿದ್ದಳು. ಈಗ ಜಿರಲೆ ಹತ್ತುತ್ತದೆ. ಬೀಗರ ಬೇರೆ ಎಲ್ಲ ಹುಚ್ಚನ್ನೂ ನಾನು ಬಾಯ್ತುಂಬ ಬೈಯಬಲ್ಲೆ, ಇದೊಂದನ್ನು ಬೈಯಲು ನಾಲಗೆ ಏಳುವುದಿಲ್ಲ.

ನನ್ನನ್ನೂ ಸೇರಿಸಿಕೊಳ್ಳಲು ಅವರು ಮಾಡದ ಪ್ರಯತ್ನವಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ಯಜಮಾನರು ಬಚ್ಚಲಿನಲ್ಲಿ ಜಾರಿದರು. ಕೈ ಊರಿದರು, ಕೈ ಹೋಯಿತು. ಸೊಂಟ ಕಲ್ಲಿಗೆ ಬಡಿಯಿತು, ಸೊಂಟ ಹೋಯಿತು. ಮತ್ತೆ ಎದ್ದು ನಡೆಯಲಿಲ್ಲ. ಕೊನೆಗೆ ಅವರೂ ಹೋದರು. ತಿಥಿಗೆ ಬಂದವರೆಲ್ಲ ನನಗೆ ಸಮಾಧಾನ ಹೇಳಿ ಉಂಡು ಹೋದರು. ಬೀಗರು ಮಾತ್ರ ಬಚ್ಚಲಿಗೆ ಹೋಗಿ, ಆ ಕಲ್ಲನ್ನು ಕೈಯಿಂದ ಸವರಿ ನೋಡಿ, ಹೊರಗೆ ಬಂದು, "ಅಕ್ಕಾರೆ, ನೀವು ಬೀಳೋದು ಕಲೀಬೇಕು" ಎಂದರು. ತಿಥಿಯ ದಿನ! ಕೈಯಲ್ಲಿ ಸೌಟು ಇರಲಿಲ್ಲ, ಬದುಕಿದರು.

ಆಮೇಲೆ ಬಂದಾಗಲೆಲ್ಲ ಅದೇ ರಾಗ.

"ನಾನು ಬೀಳೋಳಲ್ಲ, ಬೀಗರೇ. ನಿಂತೇ ಇರೋಳು."

"ಭೂಮಿ ಒಪ್ಪಬೇಕಲ್ಲ, ಅಕ್ಕಾರೆ."

"ಒಪ್ಪದೆ ಏನು ಮಾಡ್ತೈತೆ?"

"ಹಂಗಾದ್ರೆ ಬಚ್ಚಲ ತುಂಬ ತೆಂಗಿನ ಗರಿ ಯಾಕೆ ತುರುಕಿದೀರಿ? ಈ ಚಳಿಯಾಗೆ ಹಿತ್ತಲ ತೊಟ್ಟಿ ಹತ್ರ ಯಾಕೆ ಸ್ನಾನ ಮಾಡ್ತೀರಿ?"

"ಕಾಫಿ ಆರ್ತೈತೆ, ಕುಡೀರಿ" ಎಂದೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಹೋಳಿಗೆ, ಮಗಳ ಮನೆಯವರೆಲ್ಲ ಬಂದಿದ್ದರು. ಬೀಗರು ಹೊನ್ನಾಳಿಯಿಂದ ಮೊದಲ ಬಸ್ಸಿಗೇ ಬಂದು, ಭವನದ ಗಾದಿ ಒಂದನ್ನು ಬಿಸಿಲಿಗೆ ಹಾಕಲೆಂದು ನಮ್ಮ ಹಿತ್ತಲಿಗೆ ತರಿಸಿದ್ದರು. ಬಶೀರ್ ಸಾಬರು ಬಿಚ್ಚಿದ ಹೊಲಿಗೆ ಹಾಕುತ್ತ ಮೂಲೆಯಲ್ಲಿ ಕೂತಿದ್ದರು. ಕ್ಲಾಸಿನಲ್ಲಿ ಕೊನೆಗೂ ಎಸೆಯುವ ಪಾಠ ಬಂದಿತ್ತು. ಆದರೆ ಹೊಸ ತೊಡಕು: ಒಬ್ಬ ಹುಡುಗಿಯೂ ಮೇಷ್ಟರನ್ನು ಎಸೆಯಲು ಒಪ್ಪುತ್ತಿಲ್ಲ! ಮೊದಲು ಕಾಲಿಗೆ ನಮಸ್ಕಾರ ಮಾಡುತ್ತಾರೆ, ಆಮೇಲೆ ಕೊರಳಪಟ್ಟಿ ಹಿಡಿಯುತ್ತಾರೆ, ಆಮೇಲೆ "ಸಾರಿ ಸಾರ್" ಎಂದು ಬಿಟ್ಟುಬಿಡುತ್ತಾರೆ. ಹಿರಿಯರ ಕೊರಳಪಟ್ಟಿಗೆ ಕೈ ಹಾಕಬೇಡಿ ಎಂದು ಹೇಳಿ ಬೆಳೆಸಿದವರು ನಾವೇ. ಈಗ ಹಾಕಿ ಎಂದರೆ ಹೇಗೆ ಹಾಕಿಯಾರು?

ಬಿಳಿ ಅಂಗಿ ತೊಟ್ಟು ಬೀಗರು ಮೊಮ್ಮಗಳ ಮುಂದೆ ನಿಂತರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತ ಹೂರಣ ತುಂಬುತ್ತಿದ್ದೆ.

"ಒಗಿಯವ್ವಾ."

"ಆಗಲ್ಲ ಅಜ್ಜ."

"ಯಾಕೆ ಆಗಲ್ಲ?"

"ನೀವು ಅಜ್ಜ."

"ಗಾದಿ ಮೇಲೆ ನಾನು ಅಜ್ಜ ಅಲ್ಲ, ಮೂಟೆ!"

"ಮೂಟೆಗೆ ಇಷ್ಟು ಬಾಯಿ ಎಲ್ಲೈತೆ ಮೇಷ್ಟ್ರೇ?" ಎಂದರು ಸಾಬರು, ಸೂಜಿಯಿಂದ ತಲೆ ಎತ್ತದೆ.

ಬೀಗರು ಮತ್ತೆ ಹೇಳಿಕೊಟ್ಟರು. "ನಿನ್ನ ಸೊಂಟ ನನ್ನ ಸೊಂಟಕ್ಕಿಂತ ಕೆಳಗಿರಲಿ. ತೋಳು ಎಳಿ, ತಿರುಗು, ಏರಿಸ್ಕೋ. ಒಗೆದ ಮೇಲೆ ತೋಳು ಮಾತ್ರ ಬಿಡಬ್ಯಾಡ. ಒಗೆದೋರು ತೋಳು ಬಿಟ್ರೆ ಬಿದ್ದೋರ ತಲೆ ಒಡೀತೈತೆ." ಹುಡುಗಿ ಹಿಡಿದಳು, ತಿರುಗಿದಳು, ನಿಂತಳು. ಮತ್ತೆ ಹಿಡಿದಳು, ತಿರುಗಿದಳು, ಅತ್ತಳು. ಇವರು ಬಿಡುತ್ತಿಲ್ಲ, ಅವಳಿಂದ ಆಗುತ್ತಿಲ್ಲ. ನೋಡುತ್ತ ನಿಂತ ನನ್ನ ಹೋಳಿಗೆ ಹಂಚಿನ ಮೇಲೆ ಸೀದುಹೋಯಿತು. ತಾಳ್ಮೆ ಅದಕ್ಕೂ ಮೊದಲೇ ಸೀದಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದೆ.

"ಸರಿ ಅತ್ಲಾಗೆ! ಬೀಗರೇ, ಒಂದೇ ಮಾತು. ನಿಮ್ಮನ್ನ ಒಗೆದ್ರೆ ಬಾಯಿ ಮುಚ್ಕೊಂಡು ಊಟಕ್ಕೆ ಬರ್ತೀರಾ?"

"ಒಗೀರಿ ನೋಡಾನ" ಎಂದು ನಕ್ಕರು.

ನಗಬಾರದಿತ್ತು. ಅವರು ದೊಡ್ಡದಾಗಿ ಹೇಳಿಕೊಡುತ್ತಿದ್ದದ್ದು ಏನು? ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸುವುದು! ನಳ ಬರುವ ಮೊದಲು ನಾನು ಹುಟ್ಟಿದೂರಿನ ಬಾವಿಯಿಂದ ಮಾಡಿದ್ದು ಅದನ್ನೇ. ಕೊರಳಪಟ್ಟಿಗೆ ಒಂದು ಕೈ, ತೋಳಿಗೆ ಒಂದು ಕೈ, ಮಂಡಿ ಮಡಿಸಿದೆ, ತಿರುಗಿದೆ, ಏರಿಸಿದೆ. ಕೊಡವಾದರೆ ಅಲ್ಲಿ ನಿಲ್ಲಿಸುತ್ತಿದ್ದೆ. ಬೀಗರನ್ನು ನಿಲ್ಲಿಸಲಿಲ್ಲ.

ಹಾರಿದರು ನೋಡಿ! ಗದ್ದ ಎದೆಗೆ, ಬಾಯಿಂದ "ಹಾ" ಎಂದು ಉಸಿರು, ಅಂಗೈಯಿಂದ ಗಾದಿಗೆ ಫಟ್ ಎಂದು ಒಂದು ಏಟು. ಬಶೀರ್ ಸಾಬರ ಸೂಜಿ ಬೆರಳಿಗೆ ಹೋಯಿತು. ಮಗಳು ಒಳಗಿನಿಂದ "ಅವ್ವಾ!" ಎಂದು ಕಿರುಚಿದಳು. ಬೀಗರು ಮಲಗಿದ್ದಲ್ಲಿಂದಲೇ, "ಭೇಷ್" ಎಂದರು.

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಪಕ್ಕದ ಮನೆ ಗಿರಿಜಕ್ಕನ ತಲೆ ಮೂಡಿತು. ಸದ್ದು ಎಲ್ಲಿಯೋ ಗಿರಿಜಕ್ಕ ಅಲ್ಲಿ.

"ಅಯ್ಯೋ! ಏನಾತ್ರೀ ಮೇಷ್ಟ್ರೇ?"

ನಾನು ಬಾಯಿ ತೆರೆದೆ. ಬೀಗರು ನನಗಿಂತ ಮೊದಲೇ, "ಏನಿಲ್ಲ ತಾಯಿ, ಕಾಲು ಜಾರ್ತು" ಎಂದರು. ಹೇಳುತ್ತ ಹೇಳುತ್ತ ಕೊರಳಪಟ್ಟಿಯನ್ನು ಒಳಕ್ಕೆ ಮಡಚಿದರು. ಅದರ ಮೇಲೆ ನನ್ನ ಬೆರಳುಗಳ ಗುರುತು ಹೂರಣದಲ್ಲಿ ಮೂಡಿತ್ತು. ಅದನ್ನು ಮಡಚಿದ್ದು ಏಕೆಂದು ಆ ಕ್ಷಣ ನನಗೆ ತಿಳಿಯಲಿಲ್ಲ.

ಗಿರಿಜಕ್ಕನಿಗೆ ಬೇಕಾದ್ದು ಸಿಕ್ಕಿತು. ಬೀಳೋದು ಕಲಿಸೋ ಮೇಷ್ಟ್ರೇ ಜಾರಿ ಬಿದ್ರಂತೆ! ನಾವು ಎಲೆ ಹಾಕುವ ಹೊತ್ತಿಗೆ ಸುದ್ದಿ ಫೋನಿನಲ್ಲಿ ನಲ್ಲೂರು ಮುಟ್ಟಿತ್ತು, ಕೈ ತೊಳೆಯುವ ಹೊತ್ತಿಗೆ ನ್ಯಾಮತಿ. ಅಧ್ಯಕ್ಷರ ಫೋನು ಬಂದಾಗ ಬೀಗರ ಎಲೆಯಲ್ಲಿ ಇನ್ನೂ ಅರ್ಧ ಹೋಳಿಗೆ ಇತ್ತು. ಅವರ ದನಿ ಫೋನಿನಿಂದ ನಮಗೆಲ್ಲ ಕೇಳಿಸುವಷ್ಟು ಗಟ್ಟಿ: "ನಿಮಗೇ ಕಾಲು ನಿಲ್ಲಲ್ಲ ಅಂದ್ರೆ ಹೆಣ್ಣುಮಕ್ಕಳ ಕೈಕಾಲು ಮುರಿದ್ರೆ ಯಾರು ಜವಾಬ್ದಾರಿ ಮೇಷ್ಟ್ರೇ? ತಾಯಂದಿರು ಸಾಲಾಗಿ ಫೋನ್ ಮಾಡ್ತಾವ್ರೆ. ನಾಳೆ ಬೆಳಿಗ್ಗೆ ಗಾದಿ ಎತ್ಕೊಂಡು ಹೋಗ್ರಿ."

ಬೀಗರು, "ಆಯ್ತು ಸಾರ್" ಎಂದರು. ಆ ಅರ್ಧ ಹೋಳಿಗೆ ಹಾಗೆಯೇ ಉಳಿಯಿತು. ಮೊಮ್ಮಗಳು ಎದ್ದುಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು.

"ನಾನೇ ಹೇಳ್ತೀನಿ ಆ ಅಧ್ಯಕ್ಷನಿಗೆ" ಎಂದು ನಾನು ಎದ್ದರೆ ಅಳಿಯ ಬಾಗಿಲಿಗೆ ಅಡ್ಡ ನಿಂತ.

"ಅತ್ತೇ, ಬಾಯಿ ಬಿಡಬ್ಯಾಡ್ರಿ. ಬೀಗಿತ್ತಿ ಬೀಗರನ್ನ ಎತ್ತಿ ಒಗೆದ್ಲು ಅಂತ ಊರಿಗೆ ಗೊತ್ತಾದ್ರೆ ನಾನು ಆಫೀಸಿಗೆ ಹೆಂಗೆ ಹೋಗ್ಲಿ? ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳೋದಾದ್ರೆ ಗದ್ದ ಎದಿಗೆ ಹಚ್ಚಿ ಬೀಳು" ಎಂದೆ. ಮೇಷ್ಟರ ಮಗ, ಅಷ್ಟೂ ಗೊತ್ತಿಲ್ಲ!

ಸಂಜೆ ಹೋಳಿಗೆಯ ಡಬ್ಬಿ ಹಿಡಿದು ಬಸ್ ನಿಲ್ದಾಣಕ್ಕೆ ನಾನೇ ಹೋದೆ. ಬೀಗರು ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಕೊರಳಪಟ್ಟಿ ಇನ್ನೂ ಒಳಗೇ ಇತ್ತು.

"ಯಾಕೆ ಸುಳ್ಳು ಹೇಳಿದ್ರಿ?"

"ಯಾವ ಸುಳ್ಳು?"

"ನನ್ನ ಹತ್ರ ನಾಟಕ ಬ್ಯಾಡ. ಜಾರಿದ್ರೆ ಕ್ಲಾಸು ಹೋಗ್ತೈತೆ ಅಂತ ನಿಮಗೆ ಗೊತ್ತಿತ್ತು."

ಡಬ್ಬಿಯ ಮುಚ್ಚಳ ತೆಗೆದರು, ಮುಚ್ಚಿದರು. "ನಿಮ್ಮ ಊರು ನನಗೆ ಗೊತ್ತಿಲ್ವಾ ಅಕ್ಕಾರೆ? ಗಂಡ ಇಲ್ಲದ ಹೆಂಗಸು ಬೀಗರ ಕೊರಳಪಟ್ಟಿ ಹಿಡಿದ್ಲು ಅಂದ್ರೆ ಸುಮ್ನೆ ಬಿಡ್ತಾರಾ? ನಗೋದು ನಗ್ತಾರೆ, ಅದ್ರ ಮೇಲೆ ಏನೇನೋ ಸೇರಿಸ್ತಾರೆ. ನನಗೇನು? ನ್ಯಾಮತಿಯಾಗೆ ಕ್ಲಾಸು ಐತೆ, ಜಗಳೂರಾಗೆ ಐತೆ."

"ನನ್ನ ಮೊಮ್ಮಗಳಿಗೆ?"

ಡಬ್ಬಿಯನ್ನು ಚೀಲಕ್ಕೆ ತುರುಕಿದರು. ಬಸ್ಸು ಬಂತು. ಎದ್ದು ನಿಂತು, "ಅಲ್ಲ ಅಕ್ಕಾರೆ, ಒಗೆದ ಮೇಲೆ ನನ್ನ ತೋಳು ನೀವು ಬಿಡಲಿಲ್ಲ. ಯಾರು ಹೇಳ್ಕೊಟ್ರು?" ಎಂದರು.

"ಅಡಿಗೆಮನೆ ಕಿಟಕಿ."

ನಕ್ಕರು. ಹೋಗುವ ಬಸ್ಸಿಗೆ ಹಾರಿ ಹತ್ತುವ ಮನುಷ್ಯ ಅಂದು ಬಸ್ಸು ಪೂರ್ತಿ ನಿಲ್ಲುವವರೆಗೆ ಕಾದು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದರು. ಬಿದ್ದಾಗಲೂ ಅವರು ಮುದುಕರಂತೆ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೊಮ್ಮಗಳನ್ನು ಎಬ್ಬಿಸಿಕೊಂಡು ಭವನಕ್ಕೆ ಹೋದೆ. ಬಶೀರ್ ಸಾಬರು ಗಾದಿಗಳನ್ನು ಟೆಂಪೋಗೆ ಹಾಕಿ ಹಗ್ಗ ಬಿಗಿಯುತ್ತಿದ್ದರು. ಪಕ್ಕದಲ್ಲಿ ಬೀಗರು, ನಿನ್ನೆಯ ಅದೇ ಅಂಗಿಯಲ್ಲಿ. ಅಧ್ಯಕ್ಷರು, ತಾಯಂದಿರು, ಹುಡುಗಿಯರು, ಎಲ್ಲರೂ ಇದ್ದರು. ಗಿರಿಜಕ್ಕನಿಗೆ ಮಕ್ಕಳು ಆ ಕ್ಲಾಸಿನಲ್ಲಿಲ್ಲ, ಆದರೂ ಇದ್ದಳು.

"ಸಾಬ್ರೇ, ಹಗ್ಗ ಬಿಚ್ರಿ. ಒಂದು ಗಾದಿ ಇಳಿಸ್ರಿ."

ಸಾಬರು ಯಾರ ಮುಖವನ್ನೂ ನೋಡದೆ ಇಳಿಸಿದರು.

"ಬೀಗರು ನಿನ್ನೆ ಜಾರಿ ಬೀಳಲಿಲ್ಲ. ನಾನು ಎತ್ತಿ ಒಗೆದೆ. ಕೈಯಾಗೆ ಹೂರಣ ಇತ್ತು. ಬೀಗರೇ, ಕೊರಳಪಟ್ಟಿ ಹೊರಗೆ ತೆಗೀರಿ."

"ಅಕ್ಕಾರೆ, ಬ್ಯಾಡ."

"ತೆಗೀರಿ!"

ತೆಗೆದರು. ಗುರುತು ಅಲ್ಲಿಯೇ ಒಣಗಿತ್ತು. "ಅಯ್ಯೋ ಶಿವನೇ, ಬೀಗರಿಗೆ ಕೈ ಹಾಕೋದಾ!" ಎಂದಳು ಗಿರಿಜಕ್ಕ.

"ಹೌದು, ಹಾಕಿದೆ. ಈಗ ಇನ್ನೊಂದ್ಸಲ ಹಾಕ್ತೀನಿ, ಕಣ್ತುಂಬ ನೋಡು. ನಾಳೆ ಕಾಂಪೌಂಡ್ ಹತ್ತೋದು ತಪ್ತೈತೆ."

ಹಿಡಿದೆ, ತಿರುಗಿದೆ, ಏರಿಸಿದೆ, ಎಸೆದೆ. ಫಟ್! ಬೀಗರು ಬಿದ್ದರು, ಎದ್ದರು, ಅಂಗಿ ಕೊಡವಿಕೊಂಡರು. ಮೈಮೇಲೆ ಒಂದು ಗೀರಿಲ್ಲ. ತಾಯಂದಿರು ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನು ಅಧ್ಯಕ್ಷರ ಕಡೆ ತಿರುಗಿ, "ಈ ವಯಸ್ಸಿನಾಗೆ ಹಿಂಗೆ ಬೀಳೋರು ನಿಮ್ಮ ಕಮಿಟಿಯಾಗೆ ಯಾರಾದ್ರೂ ಅವ್ರಾ? ಬರ್ರಿ, ನೀವೇ ಬರ್ರಿ" ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಕ್ಲಾಸು ನಡೀಲಿ ತಾಯಿ, ನಡೀಲಿ. ನಾನೇನು ಬ್ಯಾಡ ಅಂದ್ನಾ?" ಎಂದರು.

ಆಗ ಯಾರೋ ನನ್ನ ಸೆರಗು ಎಳೆದರು. ಮೊಮ್ಮಗಳು.

"ಅಜ್ಜಿ, ಸರೀರಿ. ನಾನು."

ಅಜ್ಜನ ಕಾಲಿಗೆ ನಮಸ್ಕಾರ ಮಾಡಿದಳು. ಕೊರಳಪಟ್ಟಿ ಹಿಡಿದಳು. ಎಸೆದೇಬಿಟ್ಟಳು! ತೋಳು ಬಿಡಲಿಲ್ಲ. ಬೀಗರು ಎದ್ದು ಅಂಗೈಯಿಂದ ಕಣ್ಣು ಒರೆಸಿಕೊಂಡು, ಅಡಿಕೆ ಸಿಪ್ಪೆಯ ದೂಳು ಎಂದರು. ಸುಳ್ಳು ಹೇಳುವುದು ಆ ಮನುಷ್ಯನಿಗೆ ಬರುವುದೇ ಇಲ್ಲ.

ಹುಡುಗಿಯರೆಲ್ಲ ಸಾಲು ನಿಂತರು. ನಾನೂ ಸಾಲಿನ ಕೊನೆಗೆ ನಿಂತೆ.

"ನೀವು ಇನ್ನೂ ಒಗೀಬೇಕಾ ಅಕ್ಕಾರೆ?"

"ಒಗೆದಿದ್ದು ಸಾಕು. ಬೀಳೋದು ಹೇಳ್ಕೊಡ್ರಿ."

ಬೀಗರು ಬಗ್ಗಿ ಗಾದಿಯನ್ನು ಕೈಯಿಂದ ಸವರಿ ನೋಡಿದರು. ಆಮೇಲೆ ಮೆಲ್ಲಗೆ, "ಕುಕ್ಕರಗಾಲಾಗೆ ಕೂತ್ಕೊಳ್ರಿ. ಗದ್ದ ಎದಿಗೆ. ಕೈ ಊರಬ್ಯಾಡ್ರಿ, ಅಂಗೈ ಬಡೀರಿ. ಹೆದರಬ್ಯಾಡ್ರಿ, ನಾನು ಹಿಡ್ದಿರ್ತೀನಿ" ಎಂದರು. ಹಿಂದಕ್ಕೆ ಉರುಳಿದೆ. ಸೀರೆಯ ಬೆನ್ನೆಲ್ಲ ಕಂದಾಯಿತು.

ಮನೆಗೆ ಬಂದು ಬಚ್ಚಲಿನಲ್ಲಿ ತುರುಕಿದ್ದ ತೆಂಗಿನ ಗರಿಯನ್ನೆಲ್ಲ ಎಳೆದು ಹೊರಗೆ ಹಾಕಿದೆ. ಕಲ್ಲನ್ನು ಬೂದಿ ಹಾಕಿ ತಿಕ್ಕಿದೆ. ಒಲೆ ಹಚ್ಚಿ ಹಂಡೆ ತುಂಬ ನೀರು ಕಾಯಿಸಿ, ಅದೇ ಕಲ್ಲಿನ ಮೇಲೆ ನಿಂತು ಸ್ನಾನ ಮಾಡಿದೆ.